ಸಗಣಿ ಸಾರಿಸಿದ ಗುಂಡಿ

ಉತ್ಖನನದ ಕೆಲಸದಿಂದ ನಾನು ನಿವೃತ್ತಳಾದದ್ದು ಮೂವತ್ತಾರನೆಯ ವಯಸ್ಸಿನಲ್ಲಿ. ಯಾರೂ ಶಾಲು ಹೊದಿಸಲಿಲ್ಲ, ಭಾಷಣವೂ ಇರಲಿಲ್ಲ. ಬೆನ್ನೆಲುಬಿನ ಒಂದು ಡಿಸ್ಕ್ ಜಾರಿತ್ತು. ಶಿರಸಿಯ ವೈದ್ಯರು ಸ್ಕ್ಯಾನ್ ನೋಡಿ, "ಇನ್ನು ಕುಕ್ಕರಗಾಲಲ್ಲಿ ಕೂತು ಮಾಡೋ ಕೆಲಸ ಬಿಟ್ಬಿಡಿ" ಎಂದರು. ನಮ್ಮ ಕೆಲಸದಲ್ಲಿ ಕುಕ್ಕರಗಾಲಲ್ಲಿ ಕೂರದೆ ಮಾಡಬಹುದಾದದ್ದು ಚಹಾ ಕುಡಿಯುವುದೊಂದೇ. ಅದನ್ನೂ ಹಲವರು ಕುಕ್ಕರಗಾಲಲ್ಲೇ ಕುಡಿಯುತ್ತಾರೆ. ಈಗ ಒಂದು ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂತು, ಬೇರೆಯವರು ಅಗೆದು ತಂದ ಮಡಕೆ ಚೂರುಗಳ ಚಿತ್ರ ಬರೆಯುತ್ತೇನೆ.

ಪದವಿ ಮುಗಿಸಿ ಈ ಕೆಲಸಕ್ಕೆ ಬರುವ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಎಲ್ಲರೂ ಕೇಳುವುದು ಒಂದೇ: ನಿಮಗೆ ಏನೇನು ಸಿಕ್ಕಿತ್ತು? ಹೆಚ್ಚಾಗಿ ಏನೂ ಸಿಗಲಿಲ್ಲ ಎಂದರೆ ವಿನಯ ಅಂದುಕೊಳ್ಳುತ್ತಾರೆ. ನಾನು ಅಗೆದದ್ದು ಬಹುತೇಕ ಗುಂಡಿಗಳನ್ನು. ಯಾರೋ ಎಂದೋ ತೋಡಿ, ಯಾವುದಕ್ಕೋ ಬಳಸಿ, ಬಿಟ್ಟುಹೋದ ಗುಂಡಿಗಳು. ಒಳಗೆ ಮಡಕೆ ಇಲ್ಲ, ನಾಣ್ಯ ಇಲ್ಲ, ಬರಹವಂತೂ ಇಲ್ಲವೇ ಇಲ್ಲ. ವರದಿಯಲ್ಲಿ ಅವುಗಳ ಎದುರು 'ಕಾಲ ತಿಳಿದಿಲ್ಲ' ಎಂದು ಬರೆಯುತ್ತೇವೆ. ಗುಡ್ಡ ಕಡಿದು ಮನೆ ಸೈಟು ಮಾಡುವ ಕಡೆ, ಜೆಸಿಬಿ ಬರುವ ಮುಂಚೆ ಹೋಗಿ, ಅಂಥ ಗುಂಡಿಗಳನ್ನು ಅಳೆದು, ಬರೆದು, ಫೋಟೊ ತೆಗೆದು, ಕೊನೆಗೆ ಜೆಸಿಬಿಗೇ ಒಪ್ಪಿಸಿ ಬರುವುದು ನಮ್ಮ ಉದ್ಯೋಗ.

ಇನ್ನೊಂದು ಸಂಗತಿಯನ್ನು ಪಾಠದಲ್ಲಿ ಯಾರೂ ಹೇಳುವುದಿಲ್ಲ. ಪಕ್ಕದ ಗುಂಡಿಯಲ್ಲಿ ಯಾವಾಗಲೂ ಇನ್ನೊಬ್ಬರು ಇರುತ್ತಾರೆ. ನನ್ನ ಪಕ್ಕದ ಗುಂಡಿಯಲ್ಲಿ ಇದ್ದವಳು ಮಂಗಳಾ.

ನಾವಿಬ್ಬರೂ ಒಂದೇ ವಿಶ್ವವಿದ್ಯಾಲಯ, ಒಂದೇ ತರಗತಿ. ಅವಳು ಬನವಾಸಿ ಕಡೆಯವಳು, ಮನೆಯಲ್ಲಿ ಭತ್ತದ ವ್ಯಾಪಾರ. ಗದ್ದೆಯ ಆ ತುದಿಯಿಂದ ಈ ತುದಿಗೆ ಕೂಗಿ ಅಭ್ಯಾಸವಾದ ಗಂಟಲು. ಅಂಕಗಳ ವಿಷಯ ಇಲ್ಲಿ ಬೇಡ. ನನ್ನವು ಹೆಚ್ಚು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ನಮ್ಮ ತಂಡದ ಮುಖ್ಯಸ್ಥರು ಧಾರವಾಡದ ಪಾಟೀಲ ಸರ್. ಅವರು ನಮ್ಮಿಬ್ಬರನ್ನೂ ಒಟ್ಟಿಗೇ ಕೆಲಸಕ್ಕೆ ಸೇರಿಸಿಕೊಂಡರು. ಆ ದಿನದಿಂದ ನಾನು ಬಿಡುವವರೆಗೆ ನಮ್ಮ ಗುಂಡಿಗಳು ಅಕ್ಕಪಕ್ಕವೇ ಇದ್ದವು.

ಮೊದಲ ಕೆಲಸ ಯಲ್ಲಾಪುರ ತಾಲೂಕಿನ ಕಿರವತ್ತಿಯ ಬಳಿ, ಒಂದು ಧಾಬಾದ ಹಿಂದಿನ ಜಾಗದಲ್ಲಿ. ಅಲ್ಲಿ ಸಮಾನ ಅಂತರದಲ್ಲಿ, ನೇರ ಸಾಲಿನಲ್ಲಿ ಗುಂಡಿಗಳು ಕಂಡಿದ್ದವು. ಮೂರನೆಯ ಸಾಲು ಕಾಣಿಸಿದ ದಿನವೇ ನಾನು ತೀರ್ಮಾನಿಸಿಬಿಟ್ಟೆ: ಇವು ಮರದ ಕಂಬ ನೆಟ್ಟ ಕುಳಿಗಳು, ಇಲ್ಲಿ ದೊಡ್ಡದೊಂದು ಕಟ್ಟಡವಿತ್ತು. ಹಾಳೆಯ ಮೇಲೆ ಕಂಬಗಳನ್ನು ನಿಲ್ಲಿಸಿ, ಮಾಡು ಹೊದಿಸಿ, ಮೆಟ್ಟಿಲನ್ನೂ ಬರೆದು ಸರ್‌ಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ನೋಡಿ, "ಇರಲಿ, ತಳಾ ಮುಟ್ಟಲಿ ಮೊದಲು" ಎಂದರು.

ತಳ ಮುಟ್ಟಿದ್ದು ನನ್ನ ಗುಂಡಿಯಲ್ಲೇ. ಮಣ್ಣು ಕೆರೆಯುವ ಕರಣೆಯ ತುದಿಗೆ ಮೆತ್ತಗೆ ಏನೋ ತಾಗಿತು. ಕೆರೆದು ನೋಡಿದರೆ ಸಸಿ ಬೆಳೆಸುವ ಕಪ್ಪು ಪ್ಲಾಸ್ಟಿಕ್ ಚೀಲ. ಯಾರೋ ಸಾಗವಾನಿ ಸಸಿ ನೆಡಲು ತೋಡಿದ ಗುಂಡಿಗಳು ಅವು. ನಾನು ಅದನ್ನು ಕೈಯಲ್ಲಿ ಹಿಡಿದು ಮಣ್ಣು ಒರೆಸುತ್ತಿದ್ದೆ. ಪಕ್ಕದಿಂದ ಮಂಗಳಾ ಬಗ್ಗಿ ನೋಡಿದಳು. ಮರುಕ್ಷಣ ಹೆದ್ದಾರಿಯ ಲಾರಿಯವರಿಗೂ ಕೇಳುವಂತೆ ಕೂಗಿದಳು.

"ಸರ್, ಓಡಿ ಬರ್ರಿ! ಕಾಲ ಸಿಕ್ತ್ರೀ! ಪ್ಲಾಸ್ಟಿಕ್ ಯುಗ!"

ಪಾಟೀಲ ಸರ್ ಕೈಯಲ್ಲಿದ್ದ ಚಹಾ ಚೆಲ್ಲುವಷ್ಟು ನಕ್ಕರು. "ಅರಮನಿ ಕಟ್ಟಾಕ್ಹತ್ತಿದ್ದಿ, ಸಾಗವಾನಿ ಪ್ಲಾಟ್ ಆತಲ್ಲವಾ" ಎಂದರು. ಕೆಲಸದವರು ನಕ್ಕರು, ಧಾಬಾದ ಅಡಿಗೆಯವನು ಹೊರಗೆ ಬಂದು ಕಾರಣ ಗೊತ್ತಿಲ್ಲದೆ ನಕ್ಕ. ಮಂಗಳಾಳ ಗುಂಡಿಯಲ್ಲೂ ಅಂಥದೇ ಚೀಲವಿತ್ತು. ಆದರೆ ಇಂದಿಗೂ ಆ ಕಥೆಯಲ್ಲಿ ಪ್ಲಾಸ್ಟಿಕ್ ನನ್ನದು, ನಗು ಅವಳದು.

ಹೊಸಬರಿಗೆ ಇದರಿಂದ ಹೇಳಬಹುದಾದದ್ದು: ತಳ ಮುಟ್ಟುವ ಮುಂಚೆ ಮಾಡು ಹೊದಿಸಬೇಡಿ. ಆಮೇಲೆ ನಾನು ಎಂದೂ ಹೊದಿಸಲಿಲ್ಲ.

ಗುಂಡಿ ಅಗೆಯುವ ಕ್ರಮವನ್ನು ಇಲ್ಲಿ ಸ್ವಲ್ಪ ಹೇಳಬೇಕು, ಮುಂದಿನದಕ್ಕೆ ಅದು ಬೇಕು. ಗುಂಡಿಯೊಳಗಿನ ಮಣ್ಣನ್ನು ನಾವು ಒಮ್ಮೆಗೇ ತೆಗೆಯುವುದಿಲ್ಲ. ಮಧ್ಯಕ್ಕೆ ದಾರ ಎಳೆದು ಅರ್ಧ ಮಾತ್ರ ತೆಗೆಯುತ್ತೇವೆ. ಉಳಿದ ಅರ್ಧ ಗೋಡೆಯ ಹಾಗೆ ನಿಲ್ಲುತ್ತದೆ. ಆ ಗೋಡೆಯಲ್ಲಿ ಯಾವ ಮಣ್ಣಿನ ಮೇಲೆ ಯಾವ ಮಣ್ಣು ಬಿತ್ತು, ಎಲ್ಲಿ ಬೆಂಕಿ ಉರಿಯಿತು, ಎಲ್ಲಿ ಮಳೆಯ ಕೆಸರು ಕೂತಿತು ಎಲ್ಲ ಪದರ ಪದರವಾಗಿ ಕಾಣುತ್ತದೆ. ಆ ಗೋಡೆ ನೆಟ್ಟಗೆ ನಿಲ್ಲಬೇಕು, ಚೊಕ್ಕಟವಾಗಿರಬೇಕು. ನನ್ನ ಗೋಡೆಗಳು ತೂಗುಗುಂಡು ಹಿಡಿದರೆ ಕೂದಲೆಳೆಯಷ್ಟೂ ವಾಲುತ್ತಿರಲಿಲ್ಲ. ವಿದ್ಯಾರ್ಥಿಗಳು ಬಂದಾಗ ಸರ್ ಅವರನ್ನು ನನ್ನ ಗೋಡೆಯ ಮುಂದೆ ನಿಲ್ಲಿಸಿ, "ಗ್ವಾಡಿ ಅಂದ್ರ ಹಿಂಗಿರಬೇಕು" ಎನ್ನುತ್ತಿದ್ದರು. ಹೇಳಿ ಮುಗಿಸಿ, ಮಂಗಳಾಳ ಗುಂಡಿಯ ಅಂಚಿನಲ್ಲಿ ಹೋಗಿ ಕೂರುತ್ತಿದ್ದರು.

ಮಂಗಳಾಳ ಗೋಡೆ ಯಾವಾಗಲೂ ಎಡಕ್ಕೆ ವಾಲುತ್ತಿತ್ತು. ಆದರೆ ಗುಂಡಿಯ ಅಂಚು ಎಲ್ಲಿದೆ ಎನ್ನುವುದು ಅವಳಿಗೆ ಕಾಣುತ್ತಿತ್ತು. ಕೆಂಪು ಮಣ್ಣಿನಲ್ಲಿ ಕೆಂಪು ಮಣ್ಣೇ ತುಂಬಿದ ಗುಂಡಿಯ ಅಂಚು ಹುಡುಕುವುದು ಸುಲಭವಲ್ಲ. ನಾನು ನೀರು ಚಿಮುಕಿಸಿ, ಒಣಗುವವರೆಗೆ ಕಾದು, ಬಣ್ಣ ಹೋಲಿಸಿ, ಮತ್ತೆ ಚಿಮುಕಿಸಿ ಹುಡುಕುತ್ತಿದ್ದೆ. ಅವಳು ನೆಲದ ಮೇಲೆ ಕೆನ್ನೆಯಿಟ್ಟು ಅಡ್ಡ ಮಲಗಿ, ಒಂದು ಕಣ್ಣು ಮುಚ್ಚಿ ನೋಡಿ, ಬೆರಳಿನಿಂದ ಗೀರು ಎಳೆದುಬಿಡುತ್ತಿದ್ದಳು. ಅದು ಹೆಚ್ಚಾಗಿ ಸರಿಯೇ ಇರುತ್ತಿತ್ತು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನೂ ಹಾಗೆ ಮಲಗಿ, ಒಂದು ಕಣ್ಣು ಮುಚ್ಚಿ ನೋಡಿದೆ. ಮಣ್ಣು ಕಂಡಿತು.

ಈಗ ಸಿದ್ದಾಪುರಕ್ಕೆ ಬರುತ್ತೇನೆ.

ಊರಿನ ಹೊರಗೆ ಶ್ರೀಧರಣ್ಣ ಎಂಬವರು ಮನೆ ಸೈಟುಗಳ ಲೇಔಟ್ ಮಾಡಿಸುತ್ತಿದ್ದರು. ಜೆಸಿಬಿ ಮೇಲಿನ ಮಣ್ಣು ಕೆರೆದಾಗ ಜಂಬಿಟ್ಟಿಗೆ ನೆಲದಲ್ಲಿ ದುಂಡಗಿನ ಕಪ್ಪು ಕಲೆಗಳು ಎದ್ದಿದ್ದವು, ಕೆಂಪು ಸೀರೆಯ ಮೇಲೆ ಯಾರೋ ಬಿಸಿ ಪಾತ್ರೆಗಳನ್ನು ಇಟ್ಟು ಎತ್ತಿದ ಹಾಗೆ. ರಸ್ತೆ ಹಾಕುವ ಮುಂಚೆ ನೋಡಿ ಮುಗಿಸಿ ಎಂದು ನಮ್ಮನ್ನು ಕರೆದಿದ್ದರು. ಮೇಲಿನ ಮಗ್ಗುಲು ಮಂಗಳಾಳಿಗೆ, ಕೆಳಗಿನದು ನನಗೆ. ಮಣ್ಣು ಹೊರಲು, ಜರಡಿ ಹಿಡಿಯಲು ಹತ್ತಿರದ ಕೇರಿಯ ಹೆಂಗಸರು ಬಂದರು. ಅವರಿಗೆಲ್ಲ ಗಂಗಕ್ಕ ಮುಂದಾಳು. ಐವತ್ತು ದಾಟಿದ, ಗಟ್ಟಿ ಮೈಯ, ಬಾಯಿಯೂ ಅಷ್ಟೇ ಗಟ್ಟಿಯಾದ ಹೆಂಗಸು.

ಮೊದಲ ವಾರದಲ್ಲೇ ಮಂಗಳಾ ಅವರಿಗೆಲ್ಲ 'ಮಂಗಳಕ್ಕ' ಆದಳು. ನಾನು 'ಮೇಡಂ' ಆಗಿಯೇ ಉಳಿದೆ. ಚಹಾದ ಹೊತ್ತಿಗೆ ನನ್ನ ಕಡೆ ಮಣ್ಣು ಹೊರುವವರೂ ಬುಟ್ಟಿ ಕೆಳಗಿಟ್ಟು ಮೇಲಕ್ಕೆ ಹೋಗುತ್ತಿದ್ದರು. ನನ್ನ ಲೋಟವನ್ನು ಅಲ್ಲಿಂದ ಯಾರಾದರೂ ತಂದು ಕೊಡುತ್ತಿದ್ದರು, ಮರ್ಯಾದೆಯಿಂದ, ಎರಡೂ ಕೈಯಲ್ಲಿ ಹಿಡಿದು. ಮೇಲಿನಿಂದ ನಗು ಕೇಳಿಸುತ್ತಿತ್ತು.

ಶ್ರೀಧರಣ್ಣ ಒಂದು ಬೆಳಿಗ್ಗೆ ಬೈಕ್ ನಿಲ್ಲಿಸಿ ನನ್ನ ಹತ್ತಿರ ಬಂದರು.

"ಮೇಡಂ, ಇದು ಎಂತ ಗುಂಡಿ ಅಂತ ಗೊತ್ತಾಯ್ತಾ?"

"ಇನ್ನೂ ಇಲ್ಲ."

"ಸ್ಮಶಾನ ಅಂತ ಊರಲ್ಲೆಲ್ಲ ಸುದ್ದಿ ಆಗೋಗಿದೆ ಮಾರಾಯ್ರೆ. ಮೂಲೆ ಸೈಟು ತಗಂಡವ್ರು ಬ್ಯಾಡ ಅಂತಿದ್ರು. ಹೆಣದ ಗುಂಡಿ ಅಲ್ಲ ಅಂತ ಒಂದು ಮಾತು ಹೇಳ್ಬಿಡಿ."

"ಎಲುಬು ಸಿಕ್ಕಿಲ್ಲ. ಈಗ ಅಷ್ಟು ಮಾತ್ರ ಹೇಳಬಹುದು" ಎಂದೆ. ಅವರ ಮುಖ ಇನ್ನಷ್ಟು ಇಳಿಯಿತು.

ಮೇಲಿನಿಂದ ಮಂಗಳಾ ಕೂಗಿದಳು. "ಶ್ರೀಧರಣ್ಣಾ, ಹೆಣ ಇದ್ದಿದ್ರ ನಮ್ಮ ಗಂಗಕ್ಕನ ಬಾಯಿಗೆ ಇಷ್ಟೊತ್ತಿಗೆ ಎದ್ದು ಓಡತಿತ್ತು! ಹೆದರಬ್ಯಾಡ್ರಿ ಅಂತ ಹೇಳ್ರಿ ಅವ್ರಿಗೆ."

"ಹೌದೇ, ನನ್ ಬಾಯೇ ಕಂಡ್ತಾ ನಿಂಗೆ" ಎಂದು ಗಂಗಕ್ಕ ಬುಟ್ಟಿಯಿಂದ ಅವಳ ಬೆನ್ನಿಗೆ ಗುದ್ದಿದಳು. ಶ್ರೀಧರಣ್ಣ ಮನಸಾರೆ ನಕ್ಕು ಹೋದರು. ಮಾರನೆಯ ದಿನ ಬಿಸಿ ಬಿಸಿ ಬನ್ಸ್ ತಂದು ಮಂಗಳಾಳ ಗುಂಡಿಯ ಹತ್ತಿರ ಹಂಚಿದರು. ಸರಿಯಾದ ಉತ್ತರ ಕೊಟ್ಟವಳು ನಾನು. ನನಗೂ ಒಂದು ಬನ್ಸ್ ಕಳಿಸಿದರು, ಇಲ್ಲವೆನ್ನಲಾರೆ.

ಸಿದ್ದಾಪುರದಲ್ಲಿ ನನಗೆ ಬೇಕಾಗಿದ್ದದ್ದು ಬನ್ಸ್ ಅಲ್ಲ. ಅಲ್ಲಿ ಇಬ್ಬರ ಗುಂಡಿಯಲ್ಲೂ ಇದ್ದಿಲು ಸಿಕ್ಕಿತ್ತು. ಇದ್ದಿಲು ಸಿಕ್ಕರೆ ಪ್ರಯೋಗಾಲಯಕ್ಕೆ ಕಳಿಸಿ ಕಾಲ ತಿಳಿಯಬಹುದು. ನನ್ನದು ತಳದಲ್ಲಿ, ಸುಟ್ಟ ಜೇಡಿಮಣ್ಣಿನ ಪದರದ ಕೆಳಗೆ, ಸ್ವಲ್ಪವೇ ಇತ್ತು. ಮಂಗಳಾಳದು ಅರ್ಧ ಉಳಿಸಿದ ಗೋಡೆಯಲ್ಲಿ ಹೆಬ್ಬೆರಳು ಗಾತ್ರದ ತುಂಡುಗಳಾಗಿ ಎದ್ದು ಕಾಣುತ್ತಿತ್ತು. ಆ ಯೋಜನೆಯಲ್ಲಿ ಒಂದೇ ಮಾದರಿ ಕಳಿಸಲು ಅವಕಾಶ. "ಶುಕ್ರವಾರ ನಾ ಬರ್ತೀನಿ. ಇಬ್ಬರದೂ ನೋಡಿ, ಯಾವುದು ಕಳಿಸೂದು ಅಂತ ನಾನ ತಗೀತೀನಿ. ಅಲ್ಲೀತನಕ ಯಾರೂ ಇದ್ದಿಲಿ ಮುಟ್ಟಬ್ಯಾಡ್ರಿ" ಎಂದು ಪಾಟೀಲ ಸರ್ ಫೋನಿನಲ್ಲಿ ಹೇಳಿದರು.

ಅಷ್ಟು ವರ್ಷ ನಾನು ತೋಡಿದ ಒಂದು ಗುಂಡಿಗೂ ಕಾಲ ಸಿಕ್ಕಿರಲಿಲ್ಲ. ಪ್ಲಾಸ್ಟಿಕ್ ಚೀಲದ್ದನ್ನು ಬಿಟ್ಟು. ಒಂದಕ್ಕಾದರೂ ಸಿಗಲಿ, ಅದು ನನ್ನದಾಗಿರಲಿ ಎಂದು ಇಷ್ಟು ನೇರವಾಗಿ ಬಯಸಿದ್ದು ಅದೇ ಮೊದಲು. ಆ ವಾರವೆಲ್ಲ ಮಂಗಳಾಳ ದೊಡ್ಡ ತುಂಡುಗಳನ್ನು ನೋಡುತ್ತ ಕಳೆದೆ. ನನ್ನ ಗೋಡೆಯನ್ನು ಇನ್ನಷ್ಟು ನೆಟ್ಟಗೆ ಮಾಡಿದೆ. ಬ್ರಷ್‌ನಿಂದ ಗುಡಿಸಿ, ಮತ್ತೆ ಗುಡಿಸಿದೆ. ಗುಂಡಿಯ ಅಂಚಿನಲ್ಲಿ ಒಂದು ಕಾಳು ಸಡಿಲ ಮಣ್ಣೂ ಉಳಿಯಲು ಬಿಡಲಿಲ್ಲ. ಅವಳು ಪದರಗಳ ನಡುವೆ ಗೆರೆ ಹಾಕುವುದನ್ನು ಮರೆತು ಹೆಂಗಸರ ಜೊತೆ ಯಾರದೋ ಮದುವೆಯ ಊಟದ ಬಗ್ಗೆ ಮಾತಾಡುತ್ತಿದ್ದಳು.

ಶುಕ್ರವಾರ ನಾನು ಮೊದಲ ಬಸ್ಸಿಗೆ ಬಂದೆ. ಗಂಗಕ್ಕನೂ ಇನ್ನಿಬ್ಬರೂ ಅದಕ್ಕೂ ಮುಂಚೆ ಬಂದು ಕೆಲಸ ಮುಗಿಸಿ, ಬಕೆಟ್ ತೊಳೆಯುತ್ತಿದ್ದರು. ಮೇಲೆ ಹೋಗಿ ನೋಡಿದೆ.

ಮಂಗಳಾಳ ಗುಂಡಿಯನ್ನು ಸಗಣಿಯಿಂದ ಸಾರಿಸಿದ್ದರು. ಅಂಚು, ತಳ, ಅರ್ಧ ಉಳಿಸಿದ್ದ ಗೋಡೆ ಎಲ್ಲವೂ ಹಸಿರು ಹೊಳಪಿನಲ್ಲಿ ಒದ್ದೆಯಾಗಿತ್ತು. ಬೆರಳಿನ ಅರ್ಧಚಂದ್ರದ ಗುರುತುಗಳು ಒಂದರ ಪಕ್ಕ ಒಂದು, ಅಂಗಳ ಸಾರಿಸುವಾಗ ಏಳುತ್ತವಲ್ಲ, ಹಾಗೆ. ಇದ್ದಿಲಿನ ತುಂಡುಗಳು ಅದರೊಳಗೆ ಮುಚ್ಚಿಹೋಗಿದ್ದವು. ಸುತ್ತ ರಂಗೋಲಿ. ಅದರ ನಾಲ್ಕು ಮೂಲೆಗೆ ಕೆಂಪು ದಾಸವಾಳ.

ಇದನ್ನು ಓದುವವರು ನನಗೆ ಆಗ ಸಂತೋಷವಾಯಿತು ಎಂದುಕೊಂಡಾರು. ಅದು ಆಮೇಲೆ ಬಂತು. ಮೊದಲು ನಾನು ತಿರುಗಿ ಕೆಳಗಿನ ನನ್ನ ಗುಂಡಿಯನ್ನು ನೋಡಿದೆ. ಅಲ್ಲಿ ಒಂದು ದಾಸವಾಳವೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಮಂಗಳಾ ಬಂದಳು, ಅವಳ ಹಿಂದೆಯೇ ಸರ್ ಜೀಪು. ಸರ್ ರಂಗೋಲಿ ತುಳಿಯದೆ ಗುಂಡಿಗೆ ಒಂದು ಸುತ್ತು ಬಂದರು. ಆಮೇಲೆ, "ಏನವಾ ಮಂಗಳಾ, ಇದೇನು ನಾಗರಪಂಚಮಿ ಮಾಡೀರಿ?" ಎಂದರು.

ಮಂಗಳಾಳ ಬಾಯಿ ತೆರೆದಿತ್ತು. ಅವಳು ಮಾತು ಹುಡುಕಿದ್ದನ್ನು ನಾನು ಕಂಡದ್ದು ಅಂದೊಂದೇ ದಿನ. ಪಕ್ಕದಲ್ಲಿ ಗಂಗಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, "ದೊಡ್ಡ ಸಾಹೇಬ್ರು ಬತ್ತಾರೆ ಅಂದ್ರಲ, ಅದ್ಕೆ. ಹೆಚ್ಚುಕಮ್ಮಿ ಆಯ್ತಾ?" ಎಂದಳು. ಅವಳ ದನಿ ಸಣ್ಣದಾಗಿತ್ತು.

ಮಂಗಳಾ ಅವಳ ಮುಖ ನೋಡಿದಳು. ಒಂದು ಉಸಿರು ಎಳೆದುಕೊಂಡು ಜೋರಾಗಿ ನಕ್ಕಳು. "ಎಂಥಾ ಹೆಚ್ಚುಕಮ್ಮಿ ಗಂಗಕ್ಕಾ? ನಮ್ಮವ್ವನ ಮನಿ ಅಂಗಳನೂ ಇಷ್ಟು ಚೆಂದ ಇಲ್ಲ. ಮೊದಲು ಒಂದು ಫೋಟೊ ತಗೀರಿ ಸರ್. ಬರ್ರಿ ಎಲ್ಲಾರೂ, ನಿಂದರ್ರಿ." ಹೆಂಗಸರು ರಂಗೋಲಿಯ ಹಿಂದೆ ಸಾಲಾಗಿ ನಿಂತರು. ಸರ್ ಫೋಟೊ ತೆಗೆದರು. ಆ ಫೋಟೊದಲ್ಲಿ ನಾನಿಲ್ಲ. ಅಳತೆಯ ಕೋಲು ಹಿಡಿದುಕೊಂಡು ಸರ್ ಪಕ್ಕದಲ್ಲಿದ್ದೆ.

ಸಗಣಿ ಎಂದರೆ ಹಸು ನಿನ್ನೆ ಮೊನ್ನೆ ಮೇಯ್ದ ಹುಲ್ಲು. ಹಳೆಯ ಇದ್ದಿಲಿಗೆ ಅದು ಸೇರಿದರೆ ಕಾಲದ ಲೆಕ್ಕ ಕೆಡುತ್ತದೆ. ಪ್ರಯೋಗಾಲಯದವರು ತೊಳೆದು ಶುದ್ಧ ಮಾಡಬಲ್ಲರು, ನಿಜ. ಆದರೆ ಪಕ್ಕದಲ್ಲೇ ಚೊಕ್ಕ ಮಾದರಿ ಇರುವಾಗ ಅನುಮಾನದ್ದನ್ನು ಯಾರು ಕಳಿಸುತ್ತಾರೆ? ಸರ್ ಹೇಳುವ ಮುಂಚೆಯೇ ಮಂಗಳಾ ಹೇಳಿದಳು: "ಸರ್, ನನ್ನ ಕುಣಿ ಇವತ್ತ ಹುಟ್ತು. ಈಕಿದು ಕಳಸ್ರಿ." ಅಷ್ಟು ಸಲೀಸಾಗಿ. ಸರ್ ನನ್ನ ಗುಂಡಿಗೆ ಇಳಿದು, ಚಿಮಟದಿಂದ ಇದ್ದಿಲು ತೆಗೆದು, ಹಾಳೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದರು. ಮುಚ್ಚಳದ ಮೇಲೆ ನನ್ನ ಗುಂಡಿಯ ಸಂಖ್ಯೆ ಬರೆದರು. ಸಂತೋಷ ಆಗ ಬಂತು. ಊಟದ ಹೊತ್ತಿನವರೆಗೆ ಇತ್ತು.

ಊಟದ ಹೊತ್ತಿಗೆ ನಾನು ಗಂಗಕ್ಕನನ್ನು ಕೇಳಿದೆ. ಕೇಳಬಾರದಿತ್ತೇನೋ. ಬೇರೆ ಏನೋ ಕೇಳುವವಳ ಹಾಗೆ, ಬುತ್ತಿಯ ಮುಚ್ಚಳ ತೆಗೆಯುತ್ತ, "ನನ್ನ ಗುಂಡಿಗೆ ಯಾಕೆ ಸಾರಿಸಲಿಲ್ಲ ಗಂಗಕ್ಕ?" ಎಂದೆ.

ಅವಳಿಗೆ ಆಶ್ಚರ್ಯವಾಯಿತು. "ನಿಮ್ದು ದಿನಾ ಚೊಕ್ಕ ಇರ್ತದಲ ಮೇಡಂ. ಅದ್ರ ಮೇಲೆ ನಾವೆಂತ ಬಳಿಯೂದು? ಮಂಗಳಕ್ಕಂದು ನೋಡಿ, ಹಂದಿ ಹೊಕ್ಕ ಗದ್ದೆ ಕಂಡಂಗೆ. ಪಾಪ, ಸಾಹೇಬ್ರ ಕೈಲಿ ಬೈಸ್ಕಂತದೆ ಅಂತ ನಾವೇ ಮಾಡ್ದು."

ಇನ್ನೊಬ್ಬಳು ಉಪ್ಪಿನಕಾಯಿ ಮುಂದೆ ಮಾಡುತ್ತ, "ನಿಮಗೆ ಯಾರೂ ಬೈಯೂದಿಲ್ಲ ಬಿಡಿ" ಎಂದಳು. ಹೊಗಳಿಕೆಯಾಗಿಯೇ ಹೇಳಿದ್ದು. ನಾನು ಉಪ್ಪಿನಕಾಯಿ ಹಾಕಿಸಿಕೊಂಡೆ.

ಅದರ ನಂತರದ ತಿಂಗಳುಗಳಲ್ಲಿ ಲೇಔಟಿನ ರಸ್ತೆಗಳು ಆದವು, ನನ್ನ ಗುಂಡಿಯ ಮೇಲೆ ಒಂದು ಚರಂಡಿ ಹೋಯಿತು. ಫಲಿತಾಂಶ ಬಂದ ದಿನ ಸರ್ ಇಬ್ಬರನ್ನೂ ಶಿರಸಿಗೆ ಕರೆಸಿದರು. ಇದ್ದಿಲು ಇತ್ತೀಚಿನ ಕೆಲವು ಶತಮಾನಗಳದ್ದು, ಅದಕ್ಕಿಂತ ಹೆಚ್ಚು ಹೇಳಲು ಬರುವುದಿಲ್ಲ ಎಂದು ಪ್ರಯೋಗಾಲಯದವರು ಬರೆದಿದ್ದರು. ಅಷ್ಟು ಹತ್ತಿರದ ಕಾಲ ಈ ಪರೀಕ್ಷೆಯಲ್ಲಿ ಬಿಡಿಸಿ ತಿಳಿಯುವುದಿಲ್ಲ. ಗುಂಡಿ ತೋಡಿದವನು ನಮ್ಮ ಅಜ್ಜನ ಕಾಲದವನೂ ಇರಬಹುದು, ಆ ಅಜ್ಜನ ಮುತ್ತಜ್ಜನ ಕಾಲದವನೂ ಇರಬಹುದು. "ಏನ್ ಮಾಡೂದವಾ, ಬರಕೋ" ಎಂದರು ಸರ್. ವರದಿಯಲ್ಲಿ ಅವಳ ಗುಂಡಿಯ ಎದುರು 'ಕಾಲ ತಿಳಿದಿಲ್ಲ' ಎಂದೂ, ನನ್ನ ಗುಂಡಿಯ ಎದುರು 'ಕಾಲ ಖಚಿತವಿಲ್ಲ' ಎಂದೂ ಟೈಪ್ ಮಾಡಿದೆ. ನನಗೆ ಸಿಕ್ಕಿದ್ದು ಆ ಒಂದು ಪದದ ವ್ಯತ್ಯಾಸ.

ಬಸ್ ನಿಲ್ದಾಣದವರೆಗೆ ಮಂಗಳಾ ಜೊತೆಗೆ ಬಂದಳು. ಮಿರ್ಚಿ ಭಜಿ ಕೊಡಿಸಿದಳು. "ನಂದು ಕಳಿಸಿದ್ರೂ ಇದ ಬರತಿತ್ತು ತಗೋ. ಬ್ಯಾಸರ ಮಾಡ್ಕೋಬ್ಯಾಡ" ಎಂದಳು.

"ನನಗೇನು ಬೇಸರ?"

"ಗೊತ್ತಿಲ್ಲೇನು ನನಗ? ನಿನಗ ಅದು ಬೇಕಿತ್ತು. ಆ ವಾರೆಲ್ಲ ಕುಣಿ ಬಿಟ್ಟು ಮ್ಯಾಲೆ ಏಳಲಿಲ್ಲ ನೀನು. ಸಗಣಿ ಬಳೀದಿದ್ರೂ ನಿಂದ ಕಳಸ್ರಿ ಅಂತ ಸರ್‌ಗೆ ಹೇಳಾಕಿ ಇದ್ನಿ."

ಮಿರ್ಚಿ ಬಿಸಿಯಾಗಿತ್ತು, ಊದುತ್ತ ತಿಂದೆ. ಅಷ್ಟು ವರ್ಷಗಳಲ್ಲಿ ನಾನು ಅವಳನ್ನು ಒಂದೇ ಒಂದು ಸಲ ಗೆದ್ದಿದ್ದೆ. ಅದನ್ನೂ ಅವಳೇ ಕೊಡುವವಳಿದ್ದಳಂತೆ.

ನಾನು ಕೆಲಸ ಬಿಡುವ ಹೊತ್ತಿಗೆ ರೀತಿಗಳು ಬಹಳ ಬದಲಾಗಿದ್ದವು. ಈಗ ಮೇಲಿನಿಂದ ಡ್ರೋನ್ ಫೋಟೊ ತೆಗೆಯುತ್ತದೆ. ಗುಂಡಿಯ ಸುತ್ತ ಫೋನ್ ಹಿಡಿದು ತಿರುಗಿದರೆ ಅದರ ಆಕಾರ ತಾನೇ ಮೂಡುತ್ತದೆ. ನಾನು ದಿನವಿಡೀ ಬರೆಯುತ್ತಿದ್ದ ಗೋಡೆಯ ಚಿತ್ರ ಚಹಾ ಆರುವುದರೊಳಗೆ ಸಿದ್ಧ. ಹೊಸಬರು ಇದನ್ನೆಲ್ಲ ಬೇಗ ಕಲಿಯುತ್ತಾರೆ, ಕಲಿಯಬೇಕು. ಅಂಚು ಹುಡುಕುವುದು ಮಾತ್ರ ಇನ್ನೂ ನೆಲಕ್ಕೆ ಕೆನ್ನೆಯಿಟ್ಟೇ ಎಂದು ಕೇಳಿದ್ದೇನೆ. ಪಾಟೀಲ ಸರ್ ಅದನ್ನು ಕಲಿಸಲು ಈಗ ಎಲ್ಲರನ್ನೂ ಮಂಗಳಾಳ ಹತ್ತಿರ ಕಳಿಸುತ್ತಾರಂತೆ.

ಮೊನ್ನೆ ಅವಳು ಫೋನಿಗೆ ಒಂದು ಫೋಟೊ ಕಳಿಸಿದಳು. ವಾನಳ್ಳಿ ಕಡೆ ಇನ್ನೊಂದು ಮನೆ ಸೈಟಿನ ಕೆಲಸ. ಗುಂಡಿಯಿಂದ ದೂರದಲ್ಲಿ, ಹಗ್ಗ ಕಟ್ಟಿದ ಗಡಿಯ ಆಚೆ, ಹಾಸುಗಂಬಳಿಯಷ್ಟು ಜಾಗವನ್ನು ಸಗಣಿಯಿಂದ ಸಾರಿಸಿ ರಂಗೋಲಿ ಹಾಕಿದ್ದಾರೆ. ಎಲ್ಲ ಕಡೆಯೂ ಕೆಲಸದ ಮೊದಲ ದಿನವೇ ಹೆಂಗಸರಿಗೆ ಅಂಥದೊಂದು ಜಾಗ ಬಿಟ್ಟುಕೊಡುತ್ತಾಳಂತೆ. ಸಾಹೇಬರು ಬಂದರೆ ಅಲ್ಲೇ ನಿಂತು ನೋಡಬೇಕು. ಸಿದ್ದಾಪುರದಿಂದ ಅವಳು ಕಲಿತದ್ದು ಇದು. ಒಳ್ಳೆಯ ಕ್ರಮ. ಹೊಸಬರು ಇದನ್ನು ಬರೆದಿಟ್ಟುಕೊಳ್ಳಬೇಕು. ನನಗೆ ಹೊಳೆದಿರಲಿಲ್ಲ.

ಫೋಟೊವನ್ನು ದೊಡ್ಡದು ಮಾಡಿ ಗುಂಡಿಯನ್ನು ನೋಡಿದೆ. ಅಂಚು ನಿಖರವಾಗಿತ್ತು. ಅರ್ಧ ಉಳಿಸಿದ ಗೋಡೆಯನ್ನು ಇನ್ನೂ ದೊಡ್ಡದು ಮಾಡಿ ನೋಡಿ, "ಗೋಡೆ ಎಡಕ್ಕೆ ವಾಲಿದೆ" ಎಂದು ಬರೆದು ಕಳಿಸಿದೆ.

ತಕ್ಷಣ ಉತ್ತರ ಬಂತು. "ಹೌದಲ್ಲ! ನೀ ಇದ್ದಿದ್ರ ನೆಟ್ಟಗ ಇರತಿತ್ತು. ಇಲ್ಲಿ ಎಲ್ಲಾರಿಗೂ ನಿನ್ನ ಗ್ವಾಡಿ ಸುದ್ದಿನ ಹೇಳ್ತಿರ್ತೀನಿ." ಕೊನೆಗೆ ನಗುವ ಮುಖದ ಚಿತ್ರ.

ನನ್ನ ಗೋಡೆಗಳ ಬಗ್ಗೆಯೂ ಅವಳಿಗೆ ಹೊಟ್ಟೆಕಿಚ್ಚಿಲ್ಲ. ಮಡಕೆ ಚೂರಿನ ಚಿತ್ರಕ್ಕೆ ಮರಳಿದೆ. ಅಂಚಿನ ಗೆರೆ ವಾಲಿತ್ತು, ಅಳಿಸಿ ಮತ್ತೆ ಎಳೆಯಬೇಕಾಯಿತು.